ಕಾಲರಿನೊಳಗಿನ ಹಸಿರು ದಾರ

"ಮನೆಯವರೆಲ್ಲ ಕೂತು ಯೋಚನೆ ಮಾಡಿ ಹೇಳಿ" ಎಂದು ಡಾಕ್ಟರಮ್ಮ ಅಂದಾಗ ಅಪ್ಪ ಒಮ್ಮೆ ಹಿಂದೆ ತಿರುಗಿ ನೋಡಿದ, ಬೆನ್ನ ಹಿಂದೆ ಇದನ್ನೆಲ್ಲ ಬಲ್ಲ ಬೇರೆ ಯಾರಾದರೂ ನಿಂತಿದ್ದಾರೇನೋ ಎಂಬಂತೆ. ಹಿಂದೆ ಇದ್ದದ್ದು ಕೈ ತೊಳೆಯುವ ಬೇಸಿನ್ನು, ಅದರ ಮೇಲೆ ಕೈ ಹೇಗೆ ತೊಳೆಯಬೇಕೆಂದು ತೋರಿಸುವ ಚಿತ್ರಗಳು. ಅಮ್ಮ ಆ ಚಿತ್ರಗಳನ್ನು ವರ್ಷದಿಂದ ನೋಡುತ್ತ ಬಂದಿದ್ದಳು. ಆ ಕೋಣೆಯಲ್ಲಿ ಅವಳಿಗೆ ಪೂರ್ತಿ ಅರ್ಥವಾಗಿದ್ದ ವಿಷಯ ಅದೊಂದೇ.

ಮಗಳು ಇಬ್ಬರ ನಡುವೆ ಮಾಸ್ಕ್ ಹಾಕಿಕೊಂಡು ಕೂತಿದ್ದಳು. ಅವಳಿಗೆ ರಕ್ತದ ಕ್ಯಾನ್ಸರು ಬಂದು, ಔಷಧಿಗಳಿಂದ ಅದನ್ನು ಹತೋಟಿಗೆ ತಂದು, ಅವಳ ಅಣ್ಣನಿಂದ ತೆಗೆದ, ಮೂಳೆಯೊಳಗಿನ ಮಜ್ಜೆಯ ಕಣಗಳನ್ನು ಅವಳಿಗೆ ಹಾಕಿ ಅರ್ಧ ವರ್ಷದ ಮೇಲಾಗಿತ್ತು. ಇನ್ನು ಮುಂದೆ ಅವಳ ಮೈಯಲ್ಲಿ ಓಡುವ ರಕ್ತವೆಲ್ಲ ಅಣ್ಣನ ಕಣಗಳಿಂದಲೇ ಹುಟ್ಟಬೇಕು. ಮೊದಮೊದಲು ಪರೀಕ್ಷೆಯಲ್ಲಿ ಹಾಗೆಯೇ ಬಂತು, ಪೂರ್ತಿ ಅಣ್ಣನದೇ. ಈಚೆಗೆ ಮಾತ್ರ ಅವಳ ಸ್ವಂತದ್ದು ಚೂರುಚೂರೇ ತಲೆ ಎತ್ತತೊಡಗಿತ್ತು. ಕಾಯಿಲೆ ಮರಳಿದೆ ಎಂದಲ್ಲ. ಎಷ್ಟು ಸೂಕ್ಷ್ಮವಾಗಿ ಹುಡುಕಿದರೂ ಕೆಟ್ಟ ಕಣ ಒಂದೂ ಸಿಕ್ಕಿರಲಿಲ್ಲ. ಆದರೆ ಅವಳಿಗೆ ಬಂದಿದ್ದ ಕಾಯಿಲೆ ಸುಲಭಕ್ಕೆ ಬಿಟ್ಟುಹೋಗುವ ಬಗೆಯದಲ್ಲ.

"ಎರಡು ದಾರಿ ಇದೆ" ಎಂದರು ಡಾಕ್ಟರಮ್ಮ. "ಅಣ್ಣನಿಂದ ಇನ್ನೊಂದಿಷ್ಟು ಬಿಳಿ ರಕ್ತಕಣ ತೆಗೆದು ಸ್ವಲ್ಪಸ್ವಲ್ಪವಾಗಿ ಇವಳಿಗೆ ಕೊಡೋದು. ಕಾಯಿಲೆ ಎಲ್ಲಾದ್ರೂ ಅವಿತಿದ್ರೆ ಅವು ಹಿಡಿದು ಹಾಕ್ತವೆ. ಇಲ್ಲಾಂದ್ರೆ ಈಗ ಏನೂ ಕೊಡದೆ, ಪದೇಪದೇ ರಕ್ತ ನೋಡ್ತಾ ಕಾಯೋದು."

"ಕೊಟ್ರೆ ತೊಂದ್ರೆ ಏನಮ್ಮಾ?" ಅಪ್ಪ ಕೇಳಿದ.

"ಅಣ್ಣನ ಕಣಗಳಿಗೆ ಇದು ಬೇರೆಯವರ ಮೈ. ಕಾಯಿಲೆ ಮೇಲೆ ಬೀಳೋದರ ಜೊತೆಗೆ ಇವಳ ಮೇಲೂ ಬೀಳಬಹುದು. ಚರ್ಮ, ಹೊಟ್ಟೆ, ಲಿವರ್. ಕೆಲವರಿಗೆ ಸ್ವಲ್ಪ ಆಗುತ್ತೆ, ಕೆಲವರಿಗೆ ಜೋರಾಗಿ ಆಗುತ್ತೆ. ಅಪರೂಪಕ್ಕೆ ಜೀವಕ್ಕೇ ಕಷ್ಟ ಆಗೋದೂ ಉಂಟು."

"ಕೊಡದಿದ್ರೆ?"

"ಏನೂ ಆಗದೆ ಚೆನ್ನಾಗಿ ಇರಬಹುದು. ಕಾಯಿಲೆ ವಾಪಸ್ ಬರಲೂಬಹುದು."

ಅಪ್ಪ ಕೈಯೊರಸುವ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ. "ನಿಮ್ಮ ಮಗಳೇ ಆಗಿದ್ರೆ ನೀವೇನು ಮಾಡ್ತಿದ್ರಿ?"

"ನಾನು ಕೊಡೋ ಕಡೆಗೆ ಒಂಚೂರು ವಾಲ್ತೀನಿ. ಪಕ್ಕದ ರೂಮಿನ ದೊಡ್ಡ ಡಾಕ್ಟರು ಕಾಯೋಣ ಅಂತಾರೆ. ಇಬ್ಬರಲ್ಲಿ ಯಾರದ್ದೂ ತಪ್ಪಲ್ಲ. ಅದಕ್ಕೇ ನಿಮ್ಮನ್ನ ಕೇಳ್ತಿರೋದು." ಆಮೇಲೆ ಅವರು ಮಗಳ ತೋಳನ್ನು ಹಿಡಿದು, ತಿರುಗಿಸಿ, ಬೆಳಕಿಗೆ ನೋಡಿದರು. "ನಿಜ ಹೇಳಬೇಕಂದ್ರೆ ಇಲ್ಲೆಲ್ಲಾದ್ರೂ ಒಂದಿಷ್ಟು ಕೆಂಪು ಗುಳ್ಳೆ ತಾನಾಗೇ ಎದ್ದಿದ್ರೆ ನನಗೆ ಖುಷಿಯಾಗ್ತಿತ್ತು. ಅಣ್ಣನ ಕಣಗಳು ಎಚ್ಚರವಾಗಿವೆ ಅಂತ ಅರ್ಥ. ಆಗ ಮೇಲೆ ಮತ್ತಷ್ಟು ಕೊಡೋ ಮಾತೇ ಇರ್ತಿರಲಿಲ್ಲ. ಅವುಗಳನ್ನ ಅದುಮಿಡೋ ಮಾತ್ರೆ ನಿಲ್ಲಿಸಿ ಇಷ್ಟು ದಿನ ಆಯ್ತು, ಚರ್ಮ ನೋಡಿ, ಕನ್ನಡಿ ಹಾಗಿದೆ."

ಅಮ್ಮನ ತಲೆಯಲ್ಲಿ ಉಳಿದದ್ದು ಈ ಕೊನೆಯ ಮಾತೊಂದೇ. ಇಷ್ಟು ಕಾಲ ಇದೇ ಆಸ್ಪತ್ರೆಯವರು ಗುಳ್ಳೆ ಕಂಡರೆ ಓಡಿ ಬನ್ನಿ, ಒಂದು ಗಳಿಗೆ ತಡಮಾಡಬೇಡಿ ಎಂದು ಹೆದರಿಸಿದ್ದರು. ಬೆಳಗಾದರೆ ಮಗಳನ್ನು ಕಿಟಕಿಯ ಬಳಿ ನಿಲ್ಲಿಸಿ, ಬೆನ್ನು, ಕತ್ತು, ಅಂಗಾಲು ಎಲ್ಲ ನೋಡಿ, ಏನೂ ಇಲ್ಲವೆಂದು ಉಸಿರು ಬಿಟ್ಟಮೇಲೇ ಅವಳು ಒಲೆ ಹಚ್ಚುತ್ತಿದ್ದಳು. ಈಗ ನೋಡಿದರೆ ಏನೂ ಇಲ್ಲದ್ದೇ ಚಿಂತೆಯಂತೆ.

ಹೊರಗೆ ಬಂದ ಮೇಲೆ ಅಪ್ಪ ಮೆಟ್ಟಿಲ ಬಳಿ ನಿಂತೇಬಿಟ್ಟ. "ಅಲ್ವೇ, ಕೋಟು ಒಗೆಯೋಕೆ ತಂದವರ ಹತ್ರ ನಾವು 'ಯಾವ ಪುಡಿ ಹಾಕ್ಲಿ, ಮನೆಗೆ ಹೋಗಿ ಯೋಚನೆ ಮಾಡಿ ಹೇಳಿ' ಅಂತೀವಾ?"

"ಅಪ್ಪಾ, ನಾನೇನು ಕೋಟಾ?" ಎಂದಳು ಮಗಳು.

"ಕೋಟಾಗಿದ್ರೆ ನನಗೆ ಗೊತ್ತಿರ್ತಿತ್ತು ತಾಯೀ."

ಮುಂದಿನ ವಾರದ ಭೇಟಿಗೆ ಉತ್ತರ ಬೇಕಿತ್ತು.

*

ಅವರದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಹಿಂಬದಿಯಲ್ಲಿ ಎರಡು ದೊಡ್ಡ ಯಂತ್ರಗಳು, ನಡುವೆ ಇಸ್ತ್ರಿಯ ಮೇಜು, ಮುಂದೆ ಹ್ಯಾಂಗರುಗಳ ಸಾಲು. ಅಪ್ಪನ ಅಪ್ಪನ ಕಾಲದಿಂದ ಬಂದ ಒಂದು ಪದ್ಧತಿ ಅಲ್ಲಿ ಇನ್ನೂ ನಡೆಯುತ್ತಿತ್ತು. ಯಂತ್ರಕ್ಕೆ ಬೀಳುವ ಪ್ರತಿಯೊಂದು ಬಟ್ಟೆಗೂ ಒಳಗಡೆ, ಕಾಣದ ಜಾಗದಲ್ಲಿ, ಮೂರು ಹೊಲಿಗೆ ಬಣ್ಣದ ದಾರ. ಒಂದೊಂದು ದಿನದ ರಾಶಿಗೆ ಒಂದೊಂದು ಬಣ್ಣ. ಬೇರೆ ಅಂಗಡಿಯವರು ಅಂಟಿಸುವ ಚೀಟಿ ತಂದರು, ಯಂತ್ರದಲ್ಲಿ ಮುದ್ರೆ ಒತ್ತಿಸಿದರು. ಅಪ್ಪ ಮಾತ್ರ ಸೂಜಿ ಬಿಡಲಿಲ್ಲ. ಬಟ್ಟೆ ಕೈಗೆ ಬಂತೆಂದರೆ ಸಾಕು, ಬಾಯಿ ಯಾರೊಂದಿಗೋ ಹರಟುತ್ತಿದ್ದರೂ ಬೆರಳು ತಮ್ಮಷ್ಟಕ್ಕೆ ತಾವು ಮೂರು ಹೊಲಿಗೆ ಹಾಕಿ ದಾರ ಕಡಿದುಬಿಡುತ್ತಿದ್ದವು.

ಮಗಳ ಬಟ್ಟೆಗೆ ಮಾತ್ರ ಈ ಯಂತ್ರಗಳ ಗಾಳಿ ಸೋಕುವ ಹಾಗಿರಲಿಲ್ಲ. ಅದು ಅಮ್ಮನ ಕಟ್ಟಪ್ಪಣೆ. ಊರವರ ಬೆವರು, ಕೊಳೆ, ಕೆಮ್ಮು ಎಲ್ಲ ಸುತ್ತುವ ಡ್ರಮ್ಮು ಅದು. ಜೊತೆಗೆ ಬಿಳುಪಿನ ಪುಡಿ, ಪರಿಮಳದ ನೀರು. ಮಗಳ ಅಂಗಿ, ಹಾಸಿಗೆ ಹೊದಿಕೆಗಳನ್ನು ಅವಳು ಮೇಲೆ ಮನೆಯಲ್ಲೇ, ಬೇರೆ ಬಕೆಟ್ಟಿನಲ್ಲಿ, ಬಿಸಿನೀರಲ್ಲಿ, ಒಂದೇ ಸೋಪಿನ ತುಂಡಿನಿಂದ ಕೈಯಾರೆ ಒಗೆದು, ಎರಡೂ ಮಗ್ಗುಲು ಇಸ್ತ್ರಿ ಮಾಡುತ್ತಿದ್ದಳು. ಸೊಂಟ ಹಿಡಿದುಕೊಂಡಾಗಲೂ ಬಿಟ್ಟವಳಲ್ಲ. "ಕೊಡೇ ಇಲ್ಲಿ, ನಾನು ಮಾಡ್ತೀನಿ" ಎಂದು ಅಪ್ಪ ಬಂದರೆ "ನೀವು ನಿಮ್ಮ ಕೋಟು ನೋಡ್ಕೊಳ್ರೀ" ಎಂದು ಅಟ್ಟುತ್ತಿದ್ದಳು.

ಸಂಜೆ ಮಗ ಬಂದ. ಪಟ್ಟಣದ ಬಸ್ಸು ಓಡಿಸುವವನು. ಮನೆಯೊಳಗೂ ಬಸ್ಸಿನ ಹಾಗೇ ಒಂದು ನಿಲ್ದಾಣವೂ ತಪ್ಪಿಸದೆ ಬರುತ್ತಿದ್ದ. ಷೂ ಬಾಗಿಲಲ್ಲೇ, ಕೈಕಾಲು ತೊಳೆದೇ ತಂಗಿಯ ಕೋಣೆಗೆ. ಕಾಯಿಲೆಗೂ ಮೊದಲಿಂದ ಅವನು ಅವಳನ್ನು ಕರೆಯುವುದು 'ಕಡ್ಡಿ' ಎಂದೇ.

"ಏನಂತೆ ಕಡ್ಡಿ? ಡಾಕ್ಟರಿಗೆ ನನ್ನ ರಕ್ತ ಇನ್ನೂ ಬೇಕಂತಾ? ಎಷ್ಟು ಕುಡೀತೀಯೇ ನೀನು?"

"ನೀನು ಕೊಟ್ಟಿದ್ದು ಬರೀ ಸೋಮಾರಿ ಕಣಗಳು ಕಣೋ. ಒಳಗೆ ಹೋಗಿ ಮಲಗಿಬಿಟ್ಟಿವೆಯಂತೆ. ನಿನ್ನ ಹಾಗೇ."

"ಹಾಗಾದ್ರೆ ಇನ್ನೊಂದು ಲೋಡು ಕಳಿಸೋಣ ಬಿಡು." ಅವನು ನಕ್ಕ. ಆಮೇಲೆ ಅಡುಗೆಮನೆಗೆ ಬಂದು, ಲೋಟಕ್ಕೆ ನೀರು ತುಂಬಿಕೊಂಡ. ಅಮ್ಮ ಅವನ ಮುಖ ನೋಡಿದಳು.

"ಏನೋ?"

"ನನಗೆ ಕೊಡೋಕೇನೂ ಭಯ ಇಲ್ಲಮ್ಮಾ. ಆದ್ರೆ ನನ್ನವು ಹೋಗಿ ಅವಳ ಮೇಲೇ ಬಿದ್ರೆ? ಅವಳ ಕರುಳು ಗಿರುಳು ಏನಾದ್ರೂ ಆದ್ರೆ? ನಾನು ಆಮೇಲೆ ಹೇಗೆ ಅವಳ ಎದುರು ನಿಂತ್ಕೊಳ್ಲಿ?"

"ಹಾಗಾದ್ರೆ ಬೇಡ ಅಂತೀಯಾ?"

"ಬೇಡ ಅಂದು, ನಾಳೆ ಕಾಯಿಲೆ ವಾಪಸ್ ಬಂದ್ರೆ? ಕೈಯಲ್ಲಿದ್ದಿದ್ದು ಕೊಡಲಿಲ್ಲ ಅಂತ ಆಗುತ್ತಲ್ಲ."

"ಅಂದ್ರೆ ಕೊಡ್ಬೇಕು."

"ನನ್ನನ್ನ ಕೇಳ್ಬೇಡಮ್ಮಾ" ಎಂದ ಅವನು. ನೀರು ಕುಡಿಯದೆ ಲೋಟವನ್ನು ಹಾಗೇ ಇಟ್ಟು ಹೋದ.

ಅಮ್ಮ ಆ ವಾರವಿಡೀ ಎರಡು ಮನಸ್ಸಿನಲ್ಲಿ ಅಡುಗೆ ಮಾಡಿದಳು. ಪಾತ್ರೆ ತೊಳೆಯುವಾಗ ಕೊಡಿಸುವುದೇ ಸರಿ ಎನ್ನಿಸುತ್ತಿತ್ತು. ಅದೇ ಪಾತ್ರೆಯನ್ನು ಒರೆಸಿ ಇಡುವಷ್ಟರಲ್ಲಿ, ಮೊದಲ ಸಲ ಮಗಳು ಆಸ್ಪತ್ರೆಯ ಹಾಸಿಗೆಯಲ್ಲಿ ಬಾಯಿ ತುಂಬ ಹುಣ್ಣಾಗಿ ನೀರೂ ನುಂಗಲಾಗದೆ ಕಣ್ಣಲ್ಲೇ ಕೇಳುತ್ತಿದ್ದದ್ದು ನೆನಪಾಗಿ, ಬೇಡವೇ ಬೇಡ, ಈಗ ತಾನೇ ಕೂದಲು ಬಂದಿದೆ, ಒಂದು ತುತ್ತು ಹೆಚ್ಚಿಗೆ ತಿನ್ನುತ್ತಿದ್ದಾಳೆ, ಇದ್ದ ಹಾಗೇ ಇರಲಿ ಎನ್ನಿಸುತ್ತಿತ್ತು. ಗಂಡನನ್ನು ಕೇಳಿದರೆ "ನೀನು ಹೇಳಿದ ಹಾಗೆ" ಎನ್ನುತ್ತಿದ್ದ. ಅವಳು ಹೇಳಿದ ಕೂಡಲೇ "ಹಾಗಂತೀಯಾ?" ಎಂದು ಕಣ್ಣು ಅಗಲಿಸುತ್ತಿದ್ದ. ಫೋನಿನಲ್ಲಿ ತನ್ನ ತಂಗಿಯನ್ನು ಕೇಳಿದಳು. ತಂಗಿ ಮೊದಲು ಕೊಡಿಸು ಎಂದಳು, ಫೋನು ಇಟ್ಟು ಮತ್ತೆ ತಾನೇ ಮಾಡಿ ಬೇಡ ಅಕ್ಕಾ ಎಂದಳು. ಎರಡು ದಿನ ಬಿಟ್ಟು, ನಾನು ಏನೂ ಹೇಳಿಲ್ಲ ಅಂತ ತಿಳ್ಕೋ ಎಂದಳು.

ಮಗಳು ಕಾಯಿಲೆಗೆ ಮೊದಲು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಿರಾಕಿಗಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಫ್ರೇಮು ಇಟ್ಟು, ಗಾಜು ಬದಲಿಸಿ ಬದಲಿಸಿ ಕೇಳುವುದು ಅವಳ ಕೆಲಸ. ಒಂದು ಮಧ್ಯಾಹ್ನ ಅಮ್ಮ ದಿಂಬಿನ ಚೀಲ ಮಡಚುತ್ತ ಮತ್ತೆ ಮತ್ತೆ ಅದೇ ಚೀಲವನ್ನು ಬಿಚ್ಚಿ ಮಡಚುತ್ತಿದ್ದದ್ದನ್ನು ನೋಡಿ ಮಗಳು ಅವಳ ಗಲ್ಲ ಹಿಡಿದು ಮುಖ ನೇರ ಮಾಡಿದಳು.

"ಅಮ್ಮಾ, ಇಲ್ಲಿ ನೋಡು. ಅಲ್ಲಾಡಬಾರದು. ಅಣ್ಣನ ಕಣ ಹಾಕಿಸ್ಕೊಳ್ಳೋದು, ಇದು ಒಂದನೇ ಗಾಜು. ಕಾಯೋದು, ಎರಡನೇ ಗಾಜು. ಯಾವುದು ಸ್ಪಷ್ಟ? ಒಂದಾ, ಎರಡಾ?"

"ತಮಾಷೆ ಮಾಡೋ ವಿಷಯಾನೇನೇ ಇದು?"

"ಒಂದಾ? ಎರಡಾ?"

"ಎರಡೂ ಒಂದೇ ಥರ ಮಬ್ಬು" ಎಂದಳು ಅಮ್ಮ.

ಮಗಳು ನಕ್ಕಳು. "ಎಲ್ಲರೂ ಹೀಗೇ ಅಂತಾರೆ. ತಪ್ಪು ಹೇಳಿಬಿಟ್ರೆ ಅಂತ ಹೆದರ್ಕೊಂಡು. ಆಗ ನಾನೇನು ಮಾಡ್ತಿದ್ದೆ ಗೊತ್ತಾ? ಹೇಳದೆ ಕೇಳದೆ ಒಂದು ಗಾಜು ಎತ್ತಿಬಿಡ್ತಿದ್ದೆ. 'ಅಯ್ಯೋ, ಹೋಯ್ತಲ್ಲಮ್ಮಾ' ಅಂತಿದ್ರು. ಯಾವುದು ಎತ್ತಿದ್ರೆ ಅಯ್ಯೋ ಅಂತಾರೋ ಅದೇ ಅವರ ಗಾಜು."

"ಇದರಲ್ಲಿ ಯಾವುದನ್ನ ಎತ್ತೋಕಾಗುತ್ತೆ?"

"ಅದೇ ಗೊತ್ತಾಗ್ತಿಲ್ಲ" ಎಂದಳು ಮಗಳು, ಅಮ್ಮನ ಗಲ್ಲ ಬಿಟ್ಟು. ಅವಳ ಬೆರಳು ತಣ್ಣಗಿತ್ತು.

*

ಭೇಟಿಯ ಹಿಂದಿನ ದಿನ ಬೆಳಗ್ಗೆ ಕಿಟಕಿಯ ಬಳಿ ನಿಂತ ಮಗಳ ಕತ್ತಿನ ಸುತ್ತ ಕೆಂಪಗೆ ಸಣ್ಣಸಣ್ಣ ಗುಳ್ಳೆಗಳು ಎದ್ದಿದ್ದವು. ಮುಂಗೈಗಳ ಮೇಲೂ.

ಅಮ್ಮನ ಎದೆ ಧಸಕ್ಕೆಂದಿತು. ಆಮೇಲೆ, ಡಾಕ್ಟರಮ್ಮನ ಮಾತು ನೆನಪಾಗಿ, ಧಸಕ್ಕೆಂದದ್ದು ತಪ್ಪೇನೋ ಅನ್ನಿಸಿತು. ಅಳಬೇಕೋ ನಗಬೇಕೋ ತಿಳಿಯದೆ ಅವಳು ಮೆಟ್ಟಿಲ ಬಾಗಿಲಿಗೆ ಹೋಗಿ ಗಂಡನನ್ನು ಕೂಗಿದಳು. "ರೀ! ಬನ್ರೀ ಮೇಲೆ! ಗುಳ್ಳೆ ಎದ್ದಿದೆ!"

ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸುವುದನ್ನೂ ಮರೆತು ಓಡಿಬಂದ. "ಒಳ್ಳೇದಾ ಕೆಟ್ಟದ್ದಾ?" ಎಂದು ಬಾಗಿಲಲ್ಲೇ ಕೇಳಿದ.

"ಒಳ್ಳೇದು ಅಂದಿದ್ರಲ್ಲ."

"ಹಾಗಾದ್ರೆ ನೀನ್ಯಾಕೆ ಅಳ್ತಿದ್ದೀಯ?"

"ಅಳ್ತಿಲ್ಲ."

ಮಗಳು ಕನ್ನಡಿಯ ಮುಂದೆ ಕತ್ತು ಚಾಚಿ ನಿಂತಿದ್ದಳು. ಅವಳ ಮುಖದಲ್ಲಿ ಅಮ್ಮ ಬಹಳ ದಿನದಿಂದ ಕಾಣದಿದ್ದ ಏನೋ ಒಂದಿತ್ತು. ಅಣ್ಣನಿಗೆ ಫೋನು ಮಾಡಿ ಅವಳು ಹೇಳಿದ್ದು ಇಷ್ಟೇ: "ನಿನ್ನ ಸೋಮಾರಿಗಳು ಎದ್ದಿದ್ದಾರೆ ಕಣೋ." ಆ ಕಡೆಯಿಂದ ಅವನು ಬಸ್ ನಿಲ್ದಾಣದಲ್ಲೇ ಹೋ ಎಂದು ಕೂಗಿದ್ದು ಅಮ್ಮನಿಗೂ ಕೇಳಿಸಿತು.

ಆಸ್ಪತ್ರೆಗೆ ಅವತ್ತೇ ಹೋದರು. ಡಾಕ್ಟರಮ್ಮ ನಗಲಿಲ್ಲ, ಹುಬ್ಬು ಗಂಟಿಕ್ಕಿ ನೋಡಿದರು. ಕತ್ತು ನೋಡಿದರು, ಮುಂಗೈ ನೋಡಿದರು, ಬೆನ್ನು ನೋಡಿದರು, ಅಂಗೈ ತಿರುಗಿಸಿ ನೋಡಿದರು.

"ಹೊಸ ಸೋಪು ಏನಾದ್ರೂ? ಹೊಸ ಕ್ರೀಮು? ಬಟ್ಟೆಗೆ ಬೇರೆ ಪುಡಿ?"

"ಇಲ್ಲವೇ ಇಲ್ಲ" ಎಂದಳು ಅಮ್ಮ. "ವರ್ಷದಿಂದ ಒಂದೇ ಸೋಪು. ನಾನೇ ಕೈಯಾರೆ ಒಗೀತೀನಿ. ಬೇರೆ ಯಾರ ಕೈಗೂ ಕೊಡಲ್ಲ."

ಅಷ್ಟು ಗಟ್ಟಿಯಾಗಿ ಆ ಕೋಣೆಯಲ್ಲಿ ಅವಳು ಎಂದೂ ಮಾತಾಡಿರಲಿಲ್ಲ. ಪಕ್ಕದಲ್ಲಿ ಅಪ್ಪನೂ ಹೌದೆಂದು ತಲೆಯಾಡಿಸಿದ.

"ನಾವು ಕಾಯ್ತಿದ್ದ ಗುಳ್ಳೆನೇ ಇರಬಹುದು, ಅಲ್ಲದೇನೂ ಇರಬಹುದು" ಎಂದರು ಡಾಕ್ಟರಮ್ಮ. "ಚರ್ಮದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಅದು ಬರೋವರೆಗೂ ಕಣ ಕೊಡೋ ಮಾತು ಬೇಡ. ಅಣ್ಣನದೇ ಕೆಲಸ ಅಂತ ಆದ್ರೆ ನಿಮ್ಮ ಯೋಚನೆ ತಾನಾಗೇ ಮುಗೀತು."

ಯೋಚನೆ ಮುಗಿಯಿತು ಎಂಬ ಮಾತು ಎಷ್ಟು ಹಗುರ! ಆ ದಿನ ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡರು. ಅಪ್ಪ ಅಂಗಡಿಗೆ ಬಂದವರೊಂದಿಗೆ ಹವೆಯ ಬಗ್ಗೆ ಮಾತಾಡಿದ. ಮಗ ತಂಗಿಯ ಕತ್ತನ್ನು ದೂರದಿಂದ ನೋಡಿ, "ಮೆಲ್ಲಗೆ ಕಣ್ರೋ, ಸಾಕು, ಇನ್ನು ಮುಂದೆ ಹೋಗಬೇಡಿ" ಎಂದು ಗುಳ್ಳೆಗಳಿಗೆ ಬುದ್ಧಿ ಹೇಳಿದ. ತುರಿಸುತ್ತದೆಯೇ ಎಂದು ಅಮ್ಮ ಕೇಳಿದರೆ ಮಗಳು "ಚೆನ್ನಾಗಿ ತುರಿಸ್ತಿದೆ" ಎಂದು ಹೆಮ್ಮೆಯಿಂದ ಹೇಳಿದಳು.

ಅದಾದ ಎರಡನೆಯ ದಿನವೋ ಮೂರನೆಯ ದಿನವೋ ಅಮ್ಮ ಮಗಳ ಮಲಗುವ ಅಂಗಿಯನ್ನು ಒಗೆಯಲು ಎತ್ತಿಕೊಂಡಳು. ತಿಳಿ ನೀಲಿ ಬಣ್ಣದ, ಕಾಲರು ಇರುವ, ಉದ್ದ ತೋಳಿನ ಅಂಗಿ. ಸೋಪು ಹಚ್ಚಲು ಕಾಲರು ತಿರುವಿದಳು. ಒಳಗೆ, ಪಟ್ಟಿಯ ಕೆಳಗೆ, ಹಸಿರು ದಾರದ ಮೂರು ಹೊಲಿಗೆ.

ಅವಳು ಬಕೆಟ್ಟಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿದ್ದ ಸೋಪು ಜಾರಿ ನೀರಿಗೆ ಬಿತ್ತು. ಅಂಗಿಯ ಕಾಲರು ಎಲ್ಲಿಯವರೆಗೆ ಬರುತ್ತದೆ ಎಂದು ತನ್ನ ಕತ್ತಿಗೇ ಇಟ್ಟುಕೊಂಡು ನೋಡಿದಳು. ತೋಳಿನ ಪಟ್ಟಿ ಎಲ್ಲಿ ಕೂರುತ್ತದೆ ಎಂದು ಮುಂಗೈಗೆ ಇಟ್ಟು ನೋಡಿದಳು. ಗುಳ್ಳೆಗಳು ಇದ್ದದ್ದು ಅಲ್ಲೇ. ಪಟ್ಟಿ ದಪ್ಪವಿರುವಲ್ಲಿ ಎಷ್ಟು ಜಾಲಿಸಿದರೂ ಪುಡಿ ಪೂರ್ತಿ ಹೋಗುವುದಿಲ್ಲ. ಇಸ್ತ್ರಿ ಮೇಜಿನ ಮೇಲೆ ಅವಳೇ ಸಾವಿರ ಸಲ ನೋಡಿದ್ದು.

ಒದ್ದೆ ಕೈಯಲ್ಲೇ ಅಂಗಿ ಹಿಡಿದು ಕೆಳಗೆ ಇಳಿದಳು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅಪ್ಪ ಬಾಯಲ್ಲಿ ಸೂಜಿ ಕಚ್ಚಿಕೊಂಡು ಯಾರದೋ ಕರಿಯ ಕೋಟು ಹಿಡಿದಿದ್ದ.

"ರೀ, ಹಸಿರು ಯಾವತ್ತಿನ ಬಣ್ಣ?"

"ಹಸಿರಾ? ಹೋದ ವಾರ... ಯಾಕೆ?"

ಅವಳು ಕಾಲರು ತಿರುವಿ ತೋರಿಸಿದಳು. ಅಪ್ಪ ನೋಡಿದ. ಬಾಯಿಂದ ಸೂಜಿ ತೆಗೆದ.

"ಅವತ್ತು ನಿನಗೆ ಸೊಂಟ ಹಿಡಿದಿತ್ತಲ್ಲೇ. ಗೋಡೆ ಹಿಡ್ಕೊಂಡು ನಡೀತಿದ್ದೆ. ಕೇಳಿದ್ರೆ ಕೊಡ್ತಿರಲಿಲ್ಲ. ನೀನು ಮಲಗಿದ್ದಾಗ ಬಕೆಟ್ಟಿಂದ ಇದೊಂದನ್ನ ತಗೊಂಡು ಹೋಗಿ ತಿಳಿ ಬಣ್ಣದ ರಾಶಿ ಜೊತೆ ಹಾಕಿದೆ. ಎರಡು ಸಲ ಜಾಲಿಸಿದೆ ಕಣೇ, ದೇವರಾಣೆ. ಇಸ್ತ್ರಿ ಮಾಡಿ ನೀನು ಮಡಚೋ ಹಾಗೇ ಮಡಚಿಟ್ಟೆ."

"ನಾನೇ ಒಗೆದಿದ್ದೀನಿ ಅಂದ್ಕೊಂಡೆ."

"ಹಾಗೇ ಅಂದ್ಕೊಳ್ಳಲಿ ಅಂತಾನೇ..."

"ಕದ್ದು ಒಗೆಯೋರು ದಾರ ಯಾಕ್ರೀ ಹಾಕಿದ್ರಿ?"

ಅಪ್ಪ ತನ್ನ ಬೆರಳುಗಳನ್ನೇ ನೋಡಿಕೊಂಡ, ಅವು ಬೇರೆ ಯಾರದೋ ಎನ್ನುವ ಹಾಗೆ. "ಗೊತ್ತೇ ಆಗಿಲ್ಲ" ಎಂದ. "ಡಾಕ್ಟರ ಹತ್ರಾನೂ ನೆನಪಾಗಲಿಲ್ಲ ಕಣೇ. ನಾನೂ ತಲೆ ಆಡಿಸಿಬಿಟ್ಟೆ."

ಅಮ್ಮನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು, ಅದೂ ಅರ್ಧಕ್ಕೇ ನಿಂತಿತು. ಅವಳು ಸ್ಟೂಲಿನ ಮೇಲೆ ಕೂತಳು. ಗುಳ್ಳೆ ಬರೀ ಪುಡಿಯದ್ದು. ಹಾಗಾದರೆ ಮಗಳಿಗೆ ಏನೂ ಆಗಿಲ್ಲ, ಒಳ್ಳೆಯದೇ. ಹಾಗಾದರೆ ಅಣ್ಣನ ಕಣಗಳು ಇನ್ನೂ ಮಲಗೇ ಇವೆ, ಕೆಟ್ಟದ್ದೇ. ಹಾಗಾದರೆ ಮತ್ತೆ ಆ ಎರಡು ದಾರಿ. ಒಂದೇ ಸುದ್ದಿಯನ್ನು ಎತ್ತ ತಿರುಗಿಸಿದರೂ ಅದಕ್ಕೆ ಒಳಮಗ್ಗುಲು ಯಾವುದು ಹೊರಮಗ್ಗುಲು ಯಾವುದು ತಿಳಿಯಲಿಲ್ಲ.

"ಚರ್ಮದ ರಿಪೋರ್ಟು ಬರುತ್ತಲ್ಲ" ಎಂದ ಅಪ್ಪ ಮೆಲ್ಲಗೆ. "ಡಾಕ್ಟರೇ ಹೇಳ್ತಾರೆ ಬಿಡು. ಅಲ್ಲಿವರೆಗೂ ಮಗು ನಾಲ್ಕು ದಿನ ನೆಮ್ಮದಿಯಾಗಿರ್ಲಿ."

ಅಮ್ಮನಿಗೂ ಅದೇ ಸರಿ ಎನ್ನಿಸಿತು. ದಾರ ಕಿತ್ತು, ಅಂಗಿ ಒಗೆದು ಹಾಕಿದರೆ ಆಯಿತು. ತಾನೇನೂ ಸುಳ್ಳು ಹೇಳಿದ ಹಾಗಲ್ಲ. ಹಾಗಂದುಕೊಂಡೇ ಮೇಲೆ ಹೋದಳು.

ಮಗಳು ಕೋಣೆಯಿಂದ ಕೂಗಿದಳು. "ಅಮ್ಮಾ, ಸ್ವಲ್ಪ ಬಾ. ಕತ್ತಿನ ಮೇಲೆ ಜಾಸ್ತಿಯಾಗಿದ್ಯಾ ನೋಡು. ನನಗೆ ಕಮ್ಮಿ ಆದ ಹಾಗೆ ಕಾಣ್ತಿದೆ."

ಕಮ್ಮಿಯೇ ಆಗಿತ್ತು. ಬೇರೆ ಅಂಗಿ ಹಾಕಿಕೊಂಡು ಎರಡು ದಿನವಾಗಿತ್ತಲ್ಲ. ಮಗಳು ಕನ್ನಡಿಯಲ್ಲಿ ಅಮ್ಮನ ಮುಖ ನೋಡುತ್ತ ಕಾಯುತ್ತಿದ್ದಳು. ಗುಳ್ಳೆ ಇನ್ನೂ ಇದೆ ಎಂದು ಹೇಳಲಿ ಎಂದು ಕಾಯುತ್ತಿದ್ದಳು. ಇಪ್ಪತ್ತಾರು ವರ್ಷದ ಮಗಳು, ಬಹುಮಾನ ಕೊಟ್ಟು ವಾಪಸ್ ಕಿತ್ತುಕೊಳ್ಳುತ್ತಾರೇನೋ ಎಂದು ಹೆದರಿದ ಪುಟ್ಟ ಹುಡುಗಿಯ ಹಾಗೆ.

ಅಮ್ಮನಿಗೆ ತಡೆಯಲಾಗಲಿಲ್ಲ. ಹಾಸಿಗೆಯ ಮೇಲೆ ಕೂತು, ಅಂಗಿಯ ಕಾಲರು ತಿರುವಿ ಅವಳ ಮಡಿಲಲ್ಲಿ ಹಾಕಿದಳು. "ನಿಮ್ಮಪ್ಪ" ಎಂದಳು. ಮುಂದಿನದನ್ನು ಹೇಳಬೇಕಾಗಲಿಲ್ಲ, ಆ ಮನೆಯಲ್ಲಿ ಹುಟ್ಟಿದವಳಿಗೆ ಹಸಿರು ದಾರ ಓದಲು ಬರುತ್ತಿತ್ತು.

ಮಗಳು ಬಹಳ ಹೊತ್ತು ಆ ಮೂರು ಹೊಲಿಗೆಗಳನ್ನು ಉಗುರಿನಿಂದ ಸವರಿದಳು. ಆಮೇಲೆ ನಗತೊಡಗಿದಳು. "ಬಿಲ್ಲು ಮಾಡಿಲ್ಲ ತಾನೇ?"

"ನಗಬೇಡ್ವೇ."

"ಅಪ್ಪ ಎಲ್ಲಿ?"

"ಕೆಳಗೆ. ಕೋಟಿನ ಹಿಂದೆ ಅವಿತಿದ್ದಾರೆ."

ಮಗಳ ನಗು ನಿಂತಿತು. ಅವಳು ಕತ್ತಿನ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಹೋಯ್ತಲ್ಲಮ್ಮಾ" ಎಂದಳು.

ಅಂದವಳು ತಾನೇ ಬೆಚ್ಚಿ ಅಮ್ಮನನ್ನು ನೋಡಿದಳು. ಗಾಜು ಎತ್ತುವ ಆ ಮಾತು ಇಬ್ಬರಿಗೂ ಒಟ್ಟಿಗೇ ನೆನಪಾಯಿತು.

"ಗುಳ್ಳೆ ಎದ್ದಾಗ ನನಗೆ ಭಯ ಆಗಲಿಲ್ಲಮ್ಮಾ" ಎಂದಳು ಮಗಳು, ಒಂದೊಂದೇ ಮಾತು ಹುಡುಕಿ. "ಭಯ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ಒಳಗೆ ಯಾರೋ ಕೆಲಸಕ್ಕೆ ಬಂದಿದ್ದಾರೆ, ನಾನೊಬ್ಬಳೇ ಇಲ್ಲ ಅನ್ನಿಸ್ತು. ಈಗ ಅದು ಇಲ್ಲ ಅಂದ ಕೂಡಲೇ..." ಅವಳು ನಿಲ್ಲಿಸಿದಳು. "ಕಾಯೋದು ನನ್ನ ಕೈಲಿ ಆಗಲ್ಲ ಅನ್ಸುತ್ತೆ. ಅಣ್ಣನ ಹತ್ರ ಕೇಳೋಣ."

"ಹೊಟ್ಟೆಗೆ ಲಿವರಿಗೆ ಅಂದಿದ್ದು ನೆನಪಿದ್ಯಾ? ಗುಳ್ಳೆ ಒಂದೇ ಅಲ್ಲ ಪುಟ್ಟೀ."

"ನೆನಪಿದೆ. ಅದಕ್ಕೆ ಭಯ ಇದೆ."

"ಮತ್ತೆ?"

"ಭಯ ಇದ್ರೂ ಒಂದನೇ ಗಾಜು."

ಅಮ್ಮ ಅಂಗಿಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಬೇಡ ಎನ್ನಲು ಬಾಯಿ ತೆರೆದಳು. ಸರಿ ಎನ್ನಲೂ ಅದೇ ಬಾಯಿ. ಕೊನೆಗೆ ಹೊರಟದ್ದು, "ನನಗೆ ಇನ್ನೂ ಏನೂ ಗೊತ್ತಾಗ್ತಿಲ್ಲ ಕಣೇ" ಎಂಬ ಮಾತು.

"ನಿನಗೆ ಗೊತ್ತಾಗದಿದ್ರೂ ಪರವಾಗಿಲ್ಲ. ನನ್ನ ಜೊತೆ ಬಾ, ಅಷ್ಟೇ ಸಾಕು."

*

ಡಾಕ್ಟರಮ್ಮನಿಗೆ ಅಪ್ಪನೇ ಹೇಳಿದ. ತಲೆ ತಗ್ಗಿಸಿ, ಕೈಯೊರಸುವ ಬಟ್ಟೆಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ. ಅವರು ಬಯ್ಯಲಿಲ್ಲ. ಕಂಪ್ಯೂಟರನ್ನು ಈ ಕಡೆ ತಿರುಗಿಸಿ, ಚರ್ಮದ ರಿಪೋರ್ಟೂ ಅದನ್ನೇ ಹೇಳುತ್ತಿದೆ ಎಂದರು. "ಹಾಗಾದ್ರೆ ನಾವು ಮತ್ತೆ ಶುರುವಿಗೆ ಬಂದ್ವಿ."

"ಇಲ್ಲ ಡಾಕ್ಟ್ರೇ" ಎಂದಳು ಮಗಳು. "ಶುರುವಲ್ಲಿ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಕೊಡಿ."

ಕತ್ತಿನ ಕೆಂಪು ಪೂರ್ತಿ ಇಳಿದ ಮೇಲೆ ಮಗನನ್ನು ಕರೆಸಿದರು. ಅವನು ರಜೆ ಹಾಕಿ ಬಂದ. ಯಂತ್ರದ ಪಕ್ಕ ಎರಡೂ ತೋಳಿಗೆ ಸೂಜಿ ಚುಚ್ಚಿಸಿಕೊಂಡು ಮಲಗಿ, "ಸೋಮಾರಿಗಳನ್ನ ಬಿಟ್ಟು ಒಳ್ಳೇ ಕೆಲಸಗಾರರನ್ನೇ ಆರಿಸಿ ತಗೊಳ್ಳಿ ಸಿಸ್ಟರ್" ಎಂದ. ತಂಗಿಗೆ ಅವತ್ತು ಕೊಟ್ಟದ್ದು ತೀರ ಸಣ್ಣ ಚೀಲ. ಇಷ್ಟೇನಾ ಎಂದು ಅಮ್ಮ ಕೇಳಿದಳು. ಮೊದಲು ಇಷ್ಟೇ ಎಂದರು ನರ್ಸಮ್ಮ. ಒಂದಿಷ್ಟು ಕಾಲ ನೋಡಿ, ಏನೂ ತೊಂದರೆ ಕಾಣದಿದ್ದರೆ ಇನ್ನೊಂದಿಷ್ಟು. ಅಮ್ಮ ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಅದು ಮುಗಿದುಹೋಯಿತು. ಇಷ್ಟು ದಿನದ ನಿದ್ದೆಗೆಟ್ಟ ಯೋಚನೆ ಇಷ್ಟರೊಳಗೆ ಮೈಸೇರಿತೇ ಎಂದು ಅವಳಿಗೆ ನಂಬಿಕೆಯೇ ಬರಲಿಲ್ಲ. ಮಗ ತೋಳಿಗೆ ಹತ್ತಿ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಚೀಲದ ಕಡೆ ನೋಡಿದ, ತಂಗಿಯ ಕಡೆ ನೋಡಿದ. ಈ ಸಲ ತಮಾಷೆ ಮಾಡಲಿಲ್ಲ.

ಮನೆಗೆ ಬಂದ ಮರುದಿನ ಅಮ್ಮ ಎಂದಿನಂತೆ ಬೇರೆ ಬಕೆಟ್ಟು, ಬಿಸಿನೀರು, ಅದೇ ಸೋಪಿನ ತುಂಡು ಇಟ್ಟುಕೊಂಡು ಮಗಳ ಹಾಸಿಗೆಯ ಹೊದಿಕೆ ಒಗೆದಳು. ಅಪ್ಪ ಬಾಗಿಲ ಬಳಿ ಕೈ ಹಿಂದೆ ಕಟ್ಟಿ ನಿಂತಿದ್ದ. ಸ್ವಲ್ಪ ಹೊತ್ತು ಕೆಮ್ಮಿದ.

"ಹಿಂಡೋಕಾದ್ರೂ ಬರ್ಲಾ?"

ಅವಳು ನೋಡಿದಳು. "ಸೂಜಿ ಇದ್ಯಾ ಕೈಯಲ್ಲಿ?"

ಅಪ್ಪ ಎರಡೂ ಕೈ ಬಿಚ್ಚಿ ತೋರಿಸಿದ. ಅವಳು ಹೊದಿಕೆಯ ಒಂದು ತುದಿ ಅವನಿಗೆ ಕೊಟ್ಟಳು. ಅವನು ಬಲಕ್ಕೆ ತಿರುಚಿದ, ಅವಳು ಎಡಕ್ಕೆ ತಿರುಚಿದಳು. ನೀರು ಧಾರೆಯಾಗಿ ಇಳಿಯಿತು.

"ರೀ, ನಾಳೆ ಬೆಳಗ್ಗೆ ಕಿಟಕಿ ಹತ್ರ ನಿಲ್ಲಿಸಿ ನೋಡ್ತೀನಲ್ಲ" ಎಂದಳು ಅಮ್ಮ. "ಗುಳ್ಳೆ ಇರಲಿ ಅಂತ ಅಂದ್ಕೊಳ್ಳೋದಾ, ಬೇಡ ಅಂತ ಅಂದ್ಕೊಳ್ಳೋದಾ?"

ಅಪ್ಪ ಯೋಚಿಸಿದ. "ಇರಲಿ" ಎಂದ. ಆಮೇಲೆ, "ಸ್ವಲ್ಪ."

"ಸ್ವಲ್ಪ ಅಂದ್ರೆ ಎಷ್ಟ್ರೀ?"

ಇಬ್ಬರೂ ತಿರುಚುತ್ತಲೇ ಇದ್ದರು, ನೀರು ನಿಂತ ಮೇಲೂ. ಒಳಗಿನಿಂದ ಮಗಳು ಕೂಗಿದಳು:

"ಸಾಕು ಬಿಡ್ರಪ್ಪಾ, ಹರಿದುಹೋಗುತ್ತೆ ಅದು!"